ಪ್ಯಾರಿಸಿನ ಉಳ್ಳಾಗಡ್ಡಿ ಸಾರು

ದೀಪಾವಳಿ ಕಳೆದು ಎಂಟು ದಿನಗಳಾಗಿದ್ದುವು. ಶಿಗ್ಗಾಂವಿ ತಾಲೂಕಿನ ಒಂದು ಹಳ್ಳಿಯಲ್ಲಿರುವ ಅಕ್ಕನ ಮನೆಗೆ ಹೋದ ನನಗೆ, ಹೊಸ್ತಿಲು ದಾಟಿದೊಡನೆ ಎರಡನೆಯ ಹೆಜ್ಜೆಯನ್ನು ಎಲ್ಲಿಡಬೇಕೆಂಬುದೇ ತಿಳಿಯದಾಯಿತು. ಪಡಸಾಲೆಯ ತುಂಬ, ಈ ಗೋಡೆಯಿಂದ ಆ ಗೋಡೆಯವರೆಗೆ, ಉಳ್ಳಾಗಡ್ಡಿ ಹರವಿತ್ತು. ಕೆಂಪು ಸಿಪ್ಪೆಯ, ಮುಷ್ಟಿಗಾತ್ರದ, ನೋಡಲು ಬಲು ಚೆಲುವಾದ ಗಡ್ಡೆಗಳು. ಆದರೆ ಆ ಚೆಲುವನ್ನು ಮೆಚ್ಚುವ ಸ್ಥಿತಿಯಲ್ಲಿ ಮನೆಯವರಾರೂ ಇರಲಿಲ್ಲ. ಚೀಲಗಳಲ್ಲಿ ತುಂಬಿ, ಬಾಡಿಗೆಯ ಗಾಡಿಯಲ್ಲಿ ಹೇರಿಕೊಂಡು ಪೇಟೆಗೆ ಒಯ್ದು, ಅಲ್ಲಿ ಕ್ವಿಂಟಲಿಗೆ 500 ರೂಪಾಯಿಗಿಂತ ಮೇಲೆ ಯಾರೂ ಏರದಿರಲು, ಆ ದರಕ್ಕೆ ಕೊಡಲು ಮನಸ್ಸೊಪ್ಪದೆ ಭಾವನವರು ಮರಳಿ ಮನೆಗೆ ತಂದ ಮಾಲು ಅದು. ಹೋಗುವ ಬಾಡಿಗೆಯೊಂದು, ಬರುವ ಬಾಡಿಗೆಯೊಂದು.

ಮುಂಗಾರಿ ಉಳ್ಳಾಗಡ್ಡಿಯ ಸ್ವಭಾವವನ್ನು ಪಟ್ಟಣದ ಓದುಗರಿಗೆ ಎರಡು ಮಾತಿನಲ್ಲಿ ಹೇಳಬೇಕು. ಮಳೆಯನ್ನು ನಂಬಿ ಬೆಳೆದು ದಸರೆ-ದೀಪಾವಳಿಗಳ ಸುಮಾರಿಗೆ ಕೀಳುವ ಈ ಬೆಳೆಯಲ್ಲಿ ನೀರಿನ ಅಂಶ ಹೆಚ್ಚು. ಹಿಂಗಾರಿನಲ್ಲಿ ಬೆಳೆದು ಬೇಸಿಗೆಯ ಬಿಸಿಲಿಗೆ ಕಿತ್ತ ಗಡ್ಡೆಯಂತೆ ಇದು ತಿಂಗಳುಗಟ್ಟಲೆ ಬಾಳುವುದಿಲ್ಲ. ಕೀಳುವ ಹೊತ್ತಿಗೆ ಮಳೆ ಹಿಡಿಯಿತೆಂದರಂತೂ ಹೊರಗೆ ನುಣ್ಣಗಿದ್ದರೂ ಒಳಗೆ ಕೊಳೆಯತೊಡಗುತ್ತದೆ. ಆದುದರಿಂದ ದರ ಬಂದಾಗ ಮಾರೋಣವೆಂದು ಕಾಯುವ ಸ್ವಾತಂತ್ರ್ಯ ಬೆಳೆದವನಿಗೆ ಇಲ್ಲ. ದಿನಕ್ಕೆರಡು ಸಲ ಅಕ್ಕ ಆ ರಾಶಿಯ ಮುಂದೆ ಕುಳಿತು, ಮೆತ್ತಗಾದುದನ್ನು ಬೆರಳಿನಿಂದ ಒತ್ತಿ ನೋಡಿ ಆರಿಸಿ ತೆಗೆಯುತ್ತಿದ್ದಳು. ಒಂದು ಬುಟ್ಟಿ ದನಗಳಿಗೆ, ಒಂದು ಬುಟ್ಟಿ ತಿಪ್ಪೆಗೆ.

ಇಂಥ ಹೊತ್ತಿನಲ್ಲಿ ನಾನು ಆಡಬಾರದ ಮಾತೊಂದನ್ನು ಆಡಿದೆ. ಬೆಂಗಳೂರಿನ ಒಂದು ದೊಡ್ಡ ಹೋಟೆಲಿನಲ್ಲಿ ಫ್ರೆಂಚರ ಉಳ್ಳಾಗಡ್ಡಿ ಸೂಪನ್ನು ಕುಡಿದೆನೆಂದೂ, ಅದರ ಒಂದು ಬಟ್ಟಲಿಗೆ 450 ರೂಪಾಯಿ ಬಿಲ್ಲಾಯಿತೆಂದೂ ಹೇಳಿಬಿಟ್ಟೆ. ಭಾವನವರು ಅಡಿಕೆಯನ್ನು ಕತ್ತರಿಸುವುದನ್ನು ನಿಲ್ಲಿಸಿದರು.

“ಒಂದ ಬಟ್ಟಲಕ್ಕ?”

“ಹೌದ್ರಿ.”

“ಅದರಾಗ ಉಳ್ಳಾಗಡ್ಡಿ ಎಷ್ಟಿತ್ತು?”

“ಪಾವು ಕಿಲೋ ಇದ್ದೀತು.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮಗ ಒಂದ ಕ್ವಿಂಟಲಿಗೆ ಇದಕ್ಕಿಂತ ಐವತ್ತ ರೂಪಾಯಿ ಹೆಚ್ಚ ಕೊಡತಿದ್ರು ಹಂಗಾದ್ರ,” ಎಂದು ಹೇಳಿ ಮತ್ತೆ ಅಡಿಕೆಯ ಕಡೆಗೆ ತಿರುಗಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಅಕ್ಕ ಮಾತ್ರ ಬಿಡಲಿಲ್ಲ. “ಅಷ್ಟ ರೊಕ್ಕಾ ಕೊಟ್ಟ ಕುಡದೀ ಅಂದ್ರ ಮಾಡೂದೂ ತಿಳಕೊಂಡ ಬಂದಿರಬೇಕು. ನಾಳೆ ನೀನ ಮಾಡು. ನಮ್ಮ ಮನ್ಯಾಗ ಉಳ್ಳಾಗಡ್ಡಿಗೇನೂ ಬರ ಇಲ್ಲ,” ಎಂದಳು. ಹುಬ್ಬಳ್ಳಿಯಲ್ಲಿ ಕಾಲೇಜು ಓದುತ್ತಿದ್ದು ರಜೆಗೆಂದು ಬಂದಿದ್ದ ಅವಳ ಮಗಳು ಚಪ್ಪಾಳೆ ತಟ್ಟಿದಳು. ಹೀಗೆ ಪ್ಯಾರಿಸಿನ ಸಾರು ಶಿಗ್ಗಾಂವಿಯ ಸೀಮೆಗೆ ಬಂದಿತು.

ಈ ಸಾರಿನ ಜಾತಕವನ್ನು ಇಲ್ಲಿ ಹೇಳುವುದು ಯುಕ್ತ. ಫ್ರಾನ್ಸಿನಲ್ಲಿ ಇದಕ್ಕೆ ‘ಸೂಪ್ ಅ ಲೊನ್ಯೋಂ’ ಎಂದು ಹೆಸರು. ಎಣ್ಣೆ ಬೆಣ್ಣೆಗಳಲ್ಲಿ ಹುರಿದ ಉಳ್ಳಾಗಡ್ಡಿಯನ್ನು ನೀರಿನಲ್ಲಿ ಕುದಿಸಿ, ರೊಟ್ಟಿಯ ತುಂಡಿನ ಮೇಲೆ ಸುರುವಿಕೊಂಡು ಉಣ್ಣುವ ಪದ್ಧತಿ ಅಲ್ಲಿ ಬಹಳ ಹಳೆಯದು. 1651ರಲ್ಲಿ ಅಚ್ಚಾದ ಲಾ ವರೆನ್ ಎಂಬ ಬಾಣಸಿಗನ ಪಾಕಶಾಸ್ತ್ರದಲ್ಲಿಯೂ ಉಳ್ಳಾಗಡ್ಡಿಯ ಸಾರು ಬಂದಿದೆ. ಇಷ್ಟಕ್ಕೇ ಬಿಡದೆ ಇದಕ್ಕೊಬ್ಬ ಅರಸನನ್ನೂ ಅಂಟಿಸಿದ್ದಾರೆ. ಪೋಲಂಡಿನ ಸಿಂಹಾಸನವನ್ನು ಕಳೆದುಕೊಂಡು ಫ್ರಾನ್ಸಿನ ಲೊರೇನ್ ಪ್ರಾಂತದಲ್ಲಿ ನೆಲೆಸಿದ್ದ ಸ್ತಾನಿಸ್ಲಾಸ್ ಎಂಬಾತನು, ಫ್ರಾನ್ಸಿನ ರಾಣಿಯಾಗಿದ್ದ ತನ್ನ ಮಗಳನ್ನು ಕಾಣಲು ವರ್ಸೈಲ್ಸಿಗೆ ಹೋಗುವಾಗ ದಾರಿಯ ಛತ್ರವೊಂದರಲ್ಲಿ ತಂಗಿದನಂತೆ. ಅಲ್ಲಿ ಬಡಿಸಿದ ಉಳ್ಳಾಗಡ್ಡಿ ಸಾರಿಗೆ ಮರುಳಾಗಿ, ರಾತ್ರಿಯುಡುಪಿನಲ್ಲಿಯೇ ಅಡಿಗೆಮನೆಗೆ ಇಳಿದು, ಹೊಗೆಗೂ ಉಳ್ಳಾಗಡ್ಡಿಯ ಘಾಟಿಗೂ ಕಣ್ಣೀರು ಸುರಿಸುತ್ತ ನಿಂತು, ಮಾಡುವ ರೀತಿಯನ್ನು ಕಲಿತುಕೊಂಡ ಮೇಲೆಯೇ ಮುಂದಕ್ಕೆ ಹೊರಟನಂತೆ. ‘ಮೂರು ಮಂದಿ ಬಂದೂಕು ಭಟರ’ ಕಥೆಯಿಂದ ನಮಗೆಲ್ಲ ಪರಿಚಿತನಾದ ಅಲೆಕ್ಸಾಂಡರ್ ಡ್ಯೂಮಾ, 1873ರಲ್ಲಿ ಹೊರಬಂದ ತನ್ನ ಪಾಕನಿಘಂಟಿನಲ್ಲಿ ಈ ಕಥೆಯನ್ನು ಹೇಳಿದ್ದಾನೆ. ಕಾದಂಬರಿಕಾರನ ಮಾತು, ಅದಕ್ಕೆಷ್ಟು ಉಪ್ಪು ಸೇರಿಸಬೇಕೋ ಓದುಗರೇ ಬಲ್ಲರು. ಬಡವರ ತಿನಿಸು ದೊಡ್ಡವರ ಮನೆಯನ್ನು ಹೊಗಬೇಕಾದರೆ ರಾಜನೊಬ್ಬನು ಅದನ್ನು ಮೆಚ್ಚಿದನೆಂಬ ಕಥೆ ಎಲ್ಲ ದೇಶಗಳಲ್ಲಿಯೂ ಬೇಕಾಗುತ್ತದೆಂದು ನನಗೆ ತೋರುತ್ತದೆ.

ಈ ಸಾರಿನ ನಿಜವಾದ ಮನೆ ಛತ್ರವೂ ಅಲ್ಲ, ಅರಮನೆಯೂ ಅಲ್ಲ. ಅದು ಪ್ಯಾರಿಸಿನ ಕಾಯಿಪಲ್ಲೆ ಪೇಟೆ. ನಗರದ ನಡುಮಧ್ಯದಲ್ಲಿ ‘ಲೆ ಆಲ್’ ಎಂಬ ಹೆಸರಿನ ಮಹಾ ಸಂತೆಯೊಂದಿತ್ತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬಾಲ್ತಾರ್ ಎಂಬ ವಾಸ್ತುಶಿಲ್ಪಿಯು ಅದಕ್ಕೆ ಕಬ್ಬಿಣ ಮತ್ತು ಗಾಜಿನ ಮಂಟಪಗಳನ್ನು ಕಟ್ಟಿಸಿದನು. ಎಮಿಲ್ ಜೋಲಾ ತನ್ನ ಒಂದು ಕಾದಂಬರಿಯನ್ನೇ ಈ ಪೇಟೆಯಲ್ಲಿ ನಡೆಯಿಸಿ, ಅದಕ್ಕೆ ‘ಪ್ಯಾರಿಸಿನ ಹೊಟ್ಟೆ’ ಎಂದು ಹೆಸರಿಟ್ಟನು. ಊರೆಲ್ಲ ಮಲಗಿದ ಮೇಲೆ ಇಲ್ಲಿ ಹಗಲು. ನಡುರಾತ್ರಿಗೆ ಹಳ್ಳಿಗಳಿಂದ ಬಂಡಿಗಳು ಬರುತ್ತಿದ್ದುವು. ಅಗಲವಾದ ಟೊಪ್ಪಿಗೆಗಳನ್ನು ಧರಿಸಿದ ಹಮಾಲರು ಮಣಗಟ್ಟಲೆ ಭಾರವನ್ನು ತಲೆಯ ಮೇಲೆ ಹೊತ್ತು ಇಳಿಸುತ್ತಿದ್ದರು. ಬೆಳಗಿನ ಜಾವದ ಚಳಿಯಲ್ಲಿ, ಕೆಲಸ ಮುಗಿಸಿದ ಆ ಹಮಾಲರಿಗೆ ಸುತ್ತಲಿನ ಅಡಿಗೆಮನೆಗಳಲ್ಲಿ ಸಿಗುತ್ತಿದ್ದ ಬಿಸಿ ಊಟವೇ ಉಳ್ಳಾಗಡ್ಡಿ ಸಾರು. ನಿನ್ನೆಯ ಒಣಗಿದ ಬ್ರೆಡ್ಡು, ಅಗ್ಗವಾದ ಉಳ್ಳಾಗಡ್ಡಿ, ಒಂದಿಷ್ಟು ಚೀಸ್. ನಾಟಕಶಾಲೆಯಿಂದಲೋ ನರ್ತನಗೃಹದಿಂದಲೋ ತಡವಾಗಿ ಹೊರಟ ಶ್ರೀಮಂತರೂ ಅಲ್ಲಿಗೇ ಬಂದು, ಹಮಾಲರ ಪಕ್ಕದ ಮೇಜಿನಲ್ಲಿ ಕುಳಿತು, ಅದೇ ಸಾರನ್ನು ಕುಡಿಯುತ್ತಿದ್ದರು. ರಾತ್ರಿಯ ಮದ್ಯದ ಅಮಲನ್ನು ಇಳಿಸಲು ಇದಕ್ಕಿಂತ ಒಳ್ಳೆಯ ಮದ್ದಿಲ್ಲವೆಂಬುದು ಅವರ ನಂಬಿಕೆ.

ಆ ಪೇಟೆ ಈಗ ಅಲ್ಲಿಲ್ಲ. 1969ರಲ್ಲಿ ಅದನ್ನು ನಗರದ ಹೊರಗಿನ ರ‍್ಯೂಂಜಿಸ್ ಎಂಬಲ್ಲಿಗೆ ಸಾಗಿಸಿದರು. ಸ್ವಲ್ಪ ಕಾಲದಲ್ಲಿಯೇ ಕಬ್ಬಿಣದ ಮಂಟಪಗಳನ್ನು ಕೆಡವಿದರು. ಸಾರು ಮಾತ್ರ ಉಳಿಯಿತು. 1947ರಲ್ಲಿ ತೆರೆದ ‘ಹಂದಿಯ ಕಾಲು’ ಎಂಬರ್ಥದ ಹೆಸರಿನ ಭೋಜನಶಾಲೆಯೊಂದು ಆ ನೆರೆಯಲ್ಲಿದ್ದು, ಪೇಟೆಯ ಹೊತ್ತಿಗೆ ಹೊಂದಿಕೊಂಡು ಇರುಳೂ ಬಾಗಿಲು ತೆರೆದಿಟ್ಟು ಈ ಸಾರಿಗೆ ಹೆಸರಾಯಿತು. ಉಳ್ಳಾಗಡ್ಡಿ ಬೆಳೆದವರ ಕಥೆಯೂ ಅಲ್ಲಿ ಸ್ವಾರಸ್ಯವಾಗಿದೆ. ಬ್ರಿಟನಿಯ ಕರಾವಳಿಯ ರೋಸ್ಕಾಫ್ ಎಂಬ ಊರಿನ ರೈತನೊಬ್ಬನು 1828ರಲ್ಲಿ, ತನ್ನ ಮಾಲನ್ನು ದೋಣಿಯಲ್ಲಿ ಹೇರಿಕೊಂಡು ಸಮುದ್ರ ದಾಟಿ ಇಂಗ್ಲೆಂಡಿನಲ್ಲಿ ಮನೆಮನೆಗೆ ಹೋಗಿ ಮಾರಿ ಬಂದನು. ಅವನ ಹಿಂದೆ ತಲೆಮಾರುಗಳವರೆಗೆ ಆ ಊರಿನವರು ಉಳ್ಳಾಗಡ್ಡಿಯ ಜಡೆಗಳನ್ನು ಮೊದಲು ಕೋಲಿಗೆ, ಮುಂದೆ ಸೈಕಲ್ಲಿಗೆ ನೇತುಹಾಕಿಕೊಂಡು ಇಂಗ್ಲೆಂಡಿನ ಬೀದಿಗಳನ್ನು ಸುತ್ತಿದರು. ಭಾವನವರಿಗೆ ನಾನು ಇದನ್ನು ಹೇಳಿದಾಗ, “ಅವರಿಗೆ ದಲಾಲರಿರಲಿಲ್ಲೇನು?” ಎಂದು ಕೇಳಿದರು. ಇರಲಿಲ್ಲ, ಅದೇ ಅವರ ಜಾಣತನ.

ನಮ್ಮ ನಾಲ್ಕು ತಾಲೂಕುಗಳ ಅಡಿಗೆಮನೆಯಲ್ಲಿ ಉಳ್ಳಾಗಡ್ಡಿಯ ಸ್ಥಾನವೇನೆಂಬುದನ್ನು ತಿಳಿಯದೆ ಅಕ್ಕನ ಒಲೆಯ ಮುಂದೆ ಏನು ನಡೆಯಿತೆಂಬುದು ಅರ್ಥವಾಗಲಾರದು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದು, ಆ ವರ್ಷ ಹೊಸದಾಗಿ ಹುಟ್ಟಿದ ಹಾವೇರಿ ಜಿಲ್ಲೆಗೆ ಸೇರಿದುವು. ಜಿಲ್ಲೆ ಒಂದೇ ಆದರೂ ಊಟ ಒಂದೇ ಅಲ್ಲ. ನಾನು ಹುಟ್ಟಿದ ಹಾನಗಲ್ಲು ಅರೆಮಲೆನಾಡು, ನಾವು ಭತ್ತದವರು. ಅಕ್ಕ ಮದುವೆಯಾಗಿ ಬಂದುದು ಜೋಳದ ರೊಟ್ಟಿಯ ಮನೆಗೆ. ‘ಅನ್ನ ಉಂಡವರಿಗೆ ಕಸುವೆಲ್ಲಿಂದ ಬರಬೇಕು?’ ಎಂಬ ಹಾಸ್ಯವನ್ನು ಅವಳು ಈ ಮನೆಯಲ್ಲಿ ಮೂವತ್ತು ವರ್ಷ ಕೇಳಿದ್ದಾಳೆ. ಅನ್ನ ಮತ್ತು ಒರಟು ಧಾನ್ಯಗಳ ಈ ಜಗಳವನ್ನು ಕಾವ್ಯವಾಗಿಸಿದ ಕನಕದಾಸರ ಬಾಡವೂ ಇದೇ ಶಿಗ್ಗಾಂವಿ ತಾಲೂಕಿನಲ್ಲಿದೆ. ಅವರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತವೂ ನರೆದಲೆಗವೂ, ಎಂದರೆ ರಾಗಿಯೂ, ಯಾರು ಹೆಚ್ಚೆಂದು ರಾಮನ ಮುಂದೆ ವಾದಿಸುತ್ತವೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ತೆರೆದು ನೋಡಿದರೆ ಭತ್ತ ಕೆಟ್ಟಿರುತ್ತದೆ, ರಾಗಿ ಗಟ್ಟಿಯಾಗಿ ನಿಂತಿರುತ್ತದೆ. ಬಾಳಿಕೆಯೇ ದೊಡ್ಡಸ್ತಿಕೆ ಎಂಬ ಆ ತೀರ್ಪನ್ನು ಭಾವನವರ ಪಡಸಾಲೆಯಲ್ಲಿ ಕುಳಿತು ನೆನೆದಾಗ ನನಗೆ ನಗುವೂ ಬಂತು, ವ್ಯಥೆಯೂ ಆಯಿತು. ಈ ಗಡ್ಡೆಗೆ ಆರು ತಿಂಗಳ ಸೆರೆಯಿರಲಿ, ಆರು ವಾರದ ಸೆರೆಯನ್ನು ತಾಳುವ ಶಕ್ತಿಯೂ ಇಲ್ಲವಲ್ಲ!

ಹೊಲದಲ್ಲಿ ರೊಟ್ಟಿ ಬಿಚ್ಚಿ ಕುಳಿತವನು ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದು, ಉಪ್ಪು ಹಚ್ಚಿ ಕಡಿಯುತ್ತಾನೆ. ಮನೆಯಲ್ಲಿ ಝುಣಕಕ್ಕೆ, ಪಲ್ಲೆಗೆ, ಒಗ್ಗರಣೆಗೆ ಅದೇ. ಸವಣೂರಿನಂಥ ಊರಿನಲ್ಲಿ ಇನ್ನೊಂದು ವಿಚಿತ್ರ. 1783ರಲ್ಲಿ ಬೃಂದಾವನಸ್ಥರಾದ ಸತ್ಯಬೋಧ ತೀರ್ಥರ ಸನ್ನಿಧಾನ ಅಲ್ಲಿದೆ. ಅಲ್ಲಿಗೆ ನಡೆದುಕೊಳ್ಳುವ ಆಚಾರವಂತರ ಮನೆಯ ಅಡಿಗೆಗೆ ಉಳ್ಳಾಗಡ್ಡಿ ಸೋಕುವುದಿಲ್ಲ. ಅದೇ ಊರು ನವಾಬರ ರಾಜಧಾನಿ. ಮುಸಲ್ಮಾನರ ಮನೆಯ ಬಿರ್ಯಾನಿಗೆ ಎಳೆ ಎಳೆಯಾಗಿ ಹೆಚ್ಚಿದ ಉಳ್ಳಾಗಡ್ಡಿಯನ್ನು ಎಣ್ಣೆಯಲ್ಲಿ ಹೊಂಬಣ್ಣಕ್ಕೆ, ಹೊಂಬಣ್ಣದಿಂದ ಕಂದುಬಣ್ಣಕ್ಕೆ ಹುರಿಯುವುದು ಒಂದು ವಿದ್ಯೆ. ಒಂದು ಬೀದಿಯಲ್ಲಿ ನಿಷಿದ್ಧವಾದುದು ಮತ್ತೊಂದು ಬೀದಿಯಲ್ಲಿ ಅಡಿಗೆಯ ಜೀವಾಳ. ಅಕ್ಕನ ಮನೆಯಂಥ ಲಿಂಗವಂತ ರೈತರ ಮನೆಯಲ್ಲಿ ಉಳ್ಳಾಗಡ್ಡಿ ದಿನನಿತ್ಯದ್ದು. ಆದರೆ ಅದನ್ನು ಮೆತ್ತಗಾಗುವಷ್ಟು ಬಾಡಿಸಿದರೆ ಮುಗಿಯಿತು. ಕಂದಾಗುವವರೆಗೆ ಬಿಡುವುದೆಂದರೆ ಸೀಯಿಸಿದಂತೆ.

ಜಗಳ ಎದ್ದುದು ಇಲ್ಲಿಯೇ.

ಮರುದಿನ ನಾನೂ ಸೋದರಸೊಸೆಯೂ ಕುಳಿತು ಒಂದೂವರೆ ಕಿಲೋ ಉಳ್ಳಾಗಡ್ಡಿಯನ್ನು ತೆಳ್ಳಗೆ ಸೀಳಿದೆವು. ಆರು ಮಂದಿಗೆ ಇಷ್ಟು ಬೇಕು. ಕಣ್ಣೀರಿನ ವಿಷಯವನ್ನು ಬರೆಯುವುದು ಬೇಡ. ದಪ್ಪ ತಳದ ಪಾತ್ರೆಯಲ್ಲಿ ಎರಡು ದೊಡ್ಡ ಚಮಚ ಬೆಣ್ಣೆ, ಒಂದು ಚಮಚ ಎಣ್ಣೆ ಹಾಕಿ, ಉಳ್ಳಾಗಡ್ಡಿಯನ್ನೂ ಒಂದು ಚಮಚ ಉಪ್ಪನ್ನೂ ಸೇರಿಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಕಾಲು ಗಂಟೆ ಬಿಟ್ಟೆವು. ಗುಡ್ಡದಂತಿದ್ದುದು ಕುಸಿದು ತನ್ನ ನೀರಿನಲ್ಲಿಯೇ ತಾನು ಬೆಂದಿತು. ದಕ್ಷಿಣ ಕನ್ನಡದವರು ಇದನ್ನು ನೀರುಳ್ಳಿ ಎನ್ನುವುದು ಎಷ್ಟು ಸರಿ! ಉಳ್ಳಾಗಡ್ಡಿಯ ತೂಕದಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ. ಆ ನೀರು ಹೋಗುವವರೆಗೆ ಪಾತ್ರೆಯ ಬಿಸಿ ನೀರಿನ ಕುದಿಬಿಂದುವನ್ನು ದಾಟಲಾರದು. ಅದು ದಾಟದೆ ಬಣ್ಣ ಬಾರದು. ಮುಚ್ಚಳ ತೆಗೆದು, ಒಂದು ಚಿಟಿಕೆ ಸಕ್ಕರೆ ಉದುರಿಸಿ, ಕೈಯಾಡಿಸುತ್ತ ಕುಳಿತುಕೊಳ್ಳಬೇಕು. ಹತ್ತು ನಿಮಿಷವಲ್ಲ, ಇಪ್ಪತ್ತು ನಿಮಿಷವಲ್ಲ. ನಮಗೆ ಐವತ್ತು ನಿಮಿಷ ಹಿಡಿಯಿತು. ಹತ್ತೇ ನಿಮಿಷದಲ್ಲಿ ಕಂದಾಗುವುದೆಂದು ಬರೆದ ಪಾಕಪುಸ್ತಕಗಳನ್ನು ನಾನು ಕಂಡಿದ್ದೇನೆ. ಅವುಗಳ ಲೇಖಕರು ಒಲೆಯ ಮುಂದೆ ಕುಳಿತವರಲ್ಲ.

ಅರ್ಧ ಗಂಟೆ ಕಳೆದು ಉಳ್ಳಾಗಡ್ಡಿ ಜೇನಿನ ಬಣ್ಣಕ್ಕೆ ತಿರುಗಿದಾಗ ಅಕ್ಕ, “ಸಾಕು, ಇಳಸು,” ಎಂದಳು. ನಾನು ಇಳಿಸಲಿಲ್ಲ. ಇನ್ನೂ ಹತ್ತು ನಿಮಿಷಕ್ಕೆ ಪಾತ್ರೆಯ ತಳದಲ್ಲಿ ಕಂದು ಪದರವೊಂದು ಹತ್ತತೊಡಗಿತು.

“ತಮ್ಮಾ, ಹತ್ತಾಕತ್ತೈತಿ ನೋಡು! ಕಷ್ಟಪಟ್ಟ ಬೆಳದದ್ದನ್ನ ಸುಡಬ್ಯಾಡೋ!”

ಅವಳ ದನಿಯಲ್ಲಿದ್ದುದು ಅಡಿಗೆಯ ಚಿಂತೆಯಷ್ಟೇ ಅಲ್ಲವೆಂದು ನನಗೆ ತಿಳಿಯಿತು. ಕೊಳೆತುದನ್ನು ದಿನವೂ ತಿಪ್ಪೆಗೆ ಸುರಿಯುವ ಕೈ, ಕಣ್ಣೆದುರಿಗೆ ಒಳ್ಳೆಯದು ಸುಡುವುದನ್ನು ಹೇಗೆ ಸಹಿಸೀತು? ನಾನು ಒಂದು ಸೌಟು ನೀರನ್ನು ಚಿಮುಕಿಸಿ, ಮರದ ಸೌಟಿನಿಂದ ತಳವನ್ನು ಕೆರೆದೆ. ಹತ್ತಿದುದೆಲ್ಲ ಬಿಟ್ಟುಕೊಂಡು ಉಳ್ಳಾಗಡ್ಡಿಯಲ್ಲಿ ಬೆರೆಯಿತು, ಪಾತ್ರೆ ಸ್ವಚ್ಛ. ಮತ್ತೆ ಹತ್ತಗೊಟ್ಟೆ, ಮತ್ತೆ ಕೆರೆದೆ. ಮೂರನೆಯ ಸಲಕ್ಕೆ ಬಣ್ಣ ಹಳೆಯ ಬೆಲ್ಲದಂತಾಯಿತು. ಒಂದೂವರೆ ಕಿಲೋ ಉಳ್ಳಾಗಡ್ಡಿ ಎರಡು ಬೊಗಸೆಯಷ್ಟು ಉಳಿಯಿತು. ಅಕ್ಕ ತುದಿಬೆರಳಿನಲ್ಲಿ ನೆಕ್ಕಿ ನೋಡಿ, ಏನೂ ಹೇಳದೆ, ಇನ್ನೊಮ್ಮೆ ನೆಕ್ಕಿದಳು.

ಹೀಗೇಕಾಗುತ್ತದೆಂಬುದನ್ನು ವಿವರಿಸಿದವನೂ ಒಬ್ಬ ಫ್ರೆಂಚನೇ. ಲೂಯಿ ಕಮಿಲ್ ಮೇಯಾರ್ ಎಂಬ ವಿಜ್ಞಾನಿಯು 1912ರಲ್ಲಿ, ಸಕ್ಕರೆಗಳೂ ಪ್ರೋಟೀನಿನ ಮೂಲವಸ್ತುಗಳಾದ ಅಮೈನೋ ಆಮ್ಲಗಳೂ ಬಿಸಿಯಲ್ಲಿ ಕೂಡಿ ಕಂದುಬಣ್ಣವನ್ನುಂಟುಮಾಡುವ ಕ್ರಿಯೆಯನ್ನು ವರ್ಣಿಸಿದನು. ರೊಟ್ಟಿಯ ಮೇಲೆ ಬೀಳುವ ಕಂದು ಚುಕ್ಕೆಯ ಕಂಪು, ಹುರಿದ ಕಾಫಿಯ ಕಂಪು, ಎಲ್ಲದಕ್ಕೂ ಅದೇ ಮೂಲ. ಉಳ್ಳಾಗಡ್ಡಿಯಲ್ಲಿ ಸಕ್ಕರೆ ಸಾಕಷ್ಟಿದೆ. ಹಸಿಯಾಗಿದ್ದಾಗ ಘಾಟು ಅದನ್ನು ಮರೆಮಾಡಿರುತ್ತದೆ. ಘಾಟು ಹಾರಿ, ನೀರು ಆರಿ, ಸಕ್ಕರೆ ಕಂದಿದಾಗ, ಮಾಂಸದ ಸೋಂಕಿಲ್ಲದೆಯೂ ಸಾರಿಗೆ ಒಂದು ಭಾರವಾದ, ಗಂಭೀರವಾದ ರುಚಿ ಬರುತ್ತದೆ. ಹಮಾಲರ ಸಾರಿನ ಗುಟ್ಟು ಇಷ್ಟೇ: ದುಡ್ಡಿಲ್ಲದ ಕಡೆಯಲ್ಲಿ ಹೊತ್ತನ್ನು ಸುರಿಯುವುದು.

ಮುಂದೆ ಬಂದುದು ನೀರಿನ ಪ್ರಶ್ನೆ. ಹೋಟೆಲುಗಳಲ್ಲಿ ದನದ ಎಲುಬನ್ನು ಗಂಟೆಗಟ್ಟಲೆ ಕುದಿಸಿದ ರಸವನ್ನು ಹಾಕುತ್ತಾರೆ; ಓದುಗರು ಹೊರಗೆ ಈ ಸೂಪನ್ನು ತರಿಸುವ ಮೊದಲು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ನಾನು ಬೆಂಗಳೂರಿನಲ್ಲಿ ಕೇಳಿಯೇ ತರಿಸಿದ್ದೆ. ಅಕ್ಕನ ಮನೆಯಲ್ಲಿ ಆ ಮಾತನ್ನು ಎತ್ತುವಂತೆಯೇ ಇಲ್ಲ. ಬರಿಯ ನೀರಾದರೂ ನಡೆದೀತು. ಬಡವರ ಮನೆಗಳಲ್ಲಿ ಅದೇ ನಡೆಯುತ್ತಿತ್ತು. ಆದರೆ ತಮ್ಮ ಬಂದಿದ್ದಾನೆಂದು ಅಕ್ಕ ಅಂದು ಹೂರಣದ ಹೋಳಿಗೆಗೆ ಕಡಲೆಬೇಳೆ ಬೇಯಿಸಿದ್ದಳು. ಬಸಿದ ಕಟ್ಟು ಪಕ್ಕದಲ್ಲಿಯೇ ಇತ್ತು. ಕಟ್ಟಿನ ಸಾರಿಗೆಂದು ತೆಗೆದಿಟ್ಟುದರಲ್ಲಿ ಅರ್ಧವನ್ನು ನಾನು ಬೇಡಿ ಪಡೆದೆ. ಎಲುಬಿನ ರಸ ಕೊಡುವ ಮೈಯನ್ನು ಬೇಳೆಯ ಕಟ್ಟು ಬಹುಮಟ್ಟಿಗೆ ಕೊಡುತ್ತದೆ. ಒಂದು ಚಮಚ ಗೋಧಿಹಿಟ್ಟನ್ನು ಉಳ್ಳಾಗಡ್ಡಿಯೊಡನೆ ಎರಡು ನಿಮಿಷ ಹುರಿದು, ಕಟ್ಟು ಮತ್ತು ನೀರು ಸೇರಿ ಒಂದೂವರೆ ಲೀಟರಿನಷ್ಟನ್ನು ಸುರಿದು, ಒಂದು ಪಲಾವಿನ ಎಲೆ ಹಾಕಿ ಅರ್ಧ ಗಂಟೆ ಕುದಿಸಿದೆವು. ಫ್ರೆಂಚರು ಇದಕ್ಕೆ ಥೈಮ್ ಎಂಬ ಸೊಪ್ಪನ್ನು ಹಾಕುತ್ತಾರೆ. ಆ ಸೊಪ್ಪಿನ ಪರಿಮಳಕ್ಕೆ ಕಾರಣವಾದ ಥೈಮಾಲ್ ಎಂಬ ವಸ್ತುವೇ ನಮ್ಮ ಅಜವಾನದಲ್ಲಿಯೂ ಇರುವುದರಿಂದ, ನಾಲ್ಕು ಕಾಳು ಅಜವಾನವನ್ನು ತಿಕ್ಕಿ ಹಾಕಿದೆ. ಹೆಚ್ಚಾದರೆ ಬಾಣಂತಿಯ ಕಷಾಯವಾದೀತು, ಎಚ್ಚರಿಕೆ! ಅವರು ಸುರಿಯುವ ಬಿಳಿಯ ದ್ರಾಕ್ಷಾಮದ್ಯದ ಹುಳಿಗೆ ಬದಲಾಗಿ ನಿಂಬೆಯ ರಸದ ಐದಾರು ಹನಿ. ಮೆಣಸಿನ ಪುಡಿ. ಬ್ಯಾಡಗಿ ಇಷ್ಟು ಹತ್ತಿರದಲ್ಲಿದ್ದೂ ಕೆಂಪು ಖಾರ ಹಾಕಲಿಲ್ಲವೆಂದು ಅಕ್ಕನಿಗೆ ಅಸಮಾಧಾನ.

ಬಡಿಸುವ ರೀತಿಯಲ್ಲಿಯೇ ಈ ಸಾರಿನ ಅರ್ಧ ಖ್ಯಾತಿ ಇದೆ. ಒಬ್ಬೊಬ್ಬರಿಗೆ ಒಂದೊಂದು ಆಳವಾದ ಬಟ್ಟಲು. ಅದರಲ್ಲಿ ಕುದಿಯುವ ಸಾರು. ಸಾರಿನ ಮೇಲೆ ಒಣಗಿಸಿ ಸುಟ್ಟ ಬ್ರೆಡ್ಡಿನ ದಪ್ಪ ತುಂಡು. ಅದರ ಮೇಲೆ ಬಟ್ಟಲಿನ ಅಂಚು ಮುಟ್ಟುವಷ್ಟು ತುರಿದ ಚೀಸ್. ಇಷ್ಟನ್ನು ಉರಿಯುವ ಭಟ್ಟಿಯಲ್ಲಿಟ್ಟಾಗ ಚೀಸ್ ಕರಗಿ, ಗುಳ್ಳೆಯೆದ್ದು, ಕಂದು ಚುಕ್ಕೆಗಳ ಹೊದಿಕೆಯಾಗಿ ಬಟ್ಟಲಿನ ಬಾಯಿಯನ್ನು ಮುಚ್ಚುತ್ತದೆ. ಈ ಹೊದಿಕೆಯಿಂದಲೇ ಇದಕ್ಕೆ ‘ಗ್ರಾತಿನೇ’ ಎಂಬ ಇನ್ನೊಂದು ಹೆಸರು. ಬಟ್ಟಲನ್ನು ಹಾಗೆಯೇ ತಟ್ಟೆಯ ಮೇಲಿಟ್ಟು ತರುತ್ತಾರೆ. ಚಮಚದಿಂದ ಹೊದಿಕೆಯನ್ನು ಒಡೆದಾಗ ಒಳಗಿನ ಹಬೆ ಮುಖಕ್ಕೆ ಹೊಡೆಯುತ್ತದೆ. ಆತುರಪಟ್ಟವರು ನಾಲಗೆ ಸುಟ್ಟುಕೊಳ್ಳುತ್ತಾರೆ. ಗ್ರೂಯೇರ್ ಎಂಬ ಸ್ವಿಸ್ ಚೀಸ್ ಇದಕ್ಕೆ ಪ್ರಶಸ್ತವೆನ್ನುತ್ತಾರೆ. ಆದರೆ ಅದನ್ನು ಕರುವಿನ ಜಠರದ ರಸದಿಂದ ಹೆಪ್ಪುಗಟ್ಟಿಸುವುದರಿಂದ ಶಾಕಾಹಾರಿಗಳಿಗೆ ಸಲ್ಲದು. ಸೋದರಸೊಸೆ ಹುಬ್ಬಳ್ಳಿಯಿಂದ ತಂದಿದ್ದುದು ಹಸಿರು ಚುಕ್ಕೆಯ ಗುರುತಿನ ನಮ್ಮ ದೇಶದ್ದೇ ಚೀಸ್. ಅಷ್ಟೇನೂ ದಾರ ಎಳೆಯುವುದಿಲ್ಲ, ಉಪ್ಪು ಸ್ವಲ್ಪ ಮುಂದು, ಕೆಲಸಕ್ಕೆ ಬರುತ್ತದೆ.

ಭಟ್ಟಿ ಎಲ್ಲಿಂದ ತರೋಣ? ಭಾವನವರೇ ದಾರಿ ತೋರಿಸಿದರು. ಮಣ್ಣಿನ ಕುಡಿಕೆಗಳನ್ನು ಬಿಸಿ ಬೂದಿಯಲ್ಲಿ ಸಾಲಾಗಿ ಹೂತು, ಮೇಲೆ ರೊಟ್ಟಿಯ ಕಬ್ಬಿಣದ ಹಂಚನ್ನು ಇಟ್ಟಿಗೆಗಳ ಆಧಾರದಲ್ಲಿ ಮುಚ್ಚಿ, ಹಂಚಿನ ಮೇಲೆ ನಿಗಿನಿಗಿ ಕೆಂಡ ಹರವಿದರು. ಒಂದು ಕುಡಿಕೆ ಟಪ್ಪೆಂದು ಸೀಳಿ ಅದರಲ್ಲಿದ್ದ ಸಾರೆಲ್ಲ ಬೂದಿಯ ಪಾಲಾಯಿತು. ಉಳಿದ ಐದರ ಮೇಲೆ ಚೀಸ್ ಉಬ್ಬಿ ಹೊಂಬಣ್ಣಕ್ಕೆ ತಿರುಗಿದುದನ್ನು ಕಂಡು ನಾನೇ ಬೆರಗಾದೆ. ಪಟ್ಟಣದ ಮನೆಯವರಿಗೆ ಇಷ್ಟು ಸಾಹಸ ಬೇಡ. ಬ್ರೆಡ್ಡಿನ ಮೇಲೆ ಚೀಸನ್ನು ಹಾಕಿ, ಮುಚ್ಚಿದ ಕಾವಲಿಯ ಮೇಲೆ ಕರಗಿಸಿ, ಸಾರಿನ ಮೇಲೆ ತೇಲಿಬಿಟ್ಟರೆ ಸಾಕು.

ಮೂರು ಕುಡಿಕೆಗಳಿಗೆ ಶಿಗ್ಗಾಂವಿಯ ಬೇಕರಿಯಿಂದ ತಂದ ಬ್ರೆಡ್ಡು, ಎರಡಕ್ಕೆ ಪರೀಕ್ಷಾರ್ಥವಾಗಿ ಖಡಕ್ ಜೋಳದ ರೊಟ್ಟಿ. ಸತ್ಯವನ್ನೇ ಹೇಳುತ್ತೇನೆ: ಚೀಸ್ ಹೊರುವ ಕೆಲಸದಲ್ಲಿ ರೊಟ್ಟಿ ಸೋತಿತು. ಗೋಧಿಯ ಜಿಗುಟು ಜೋಳಕ್ಕಿಲ್ಲ. ಸಾರು ತಾಕಿದ ಕ್ಷಣದಲ್ಲಿಯೇ ಅದು ಮುರಿದು ಕೆಳಗಿಳಿಯಿತು, ಚೀಸ್ ಮುದ್ದೆಯಾಗಿ ಅದರ ಬೆನ್ನು ಹತ್ತಿತು. ಬ್ರೆಡ್ಡಿನ ಕುಡಿಕೆಗಳು ಮಾತ್ರ ನಾನು ಬೆಂಗಳೂರಿನಲ್ಲಿ ಕಂಡುದಕ್ಕೆ ತಲೆತಗ್ಗಿಸುವಂತಿರಲಿಲ್ಲ.

ಇಷ್ಟು ಹೊತ್ತೂ ಮೂಲೆಯಲ್ಲಿ ಕಂಬಕ್ಕೊರಗಿ ಕುಳಿತಿದ್ದವರು ಅಕ್ಕನ ಅತ್ತೆ. ಹಿರೇಕೆರೂರಿನ ಕಡೆಯಿಂದ ಬಂದವರು. ಸರ್ವಜ್ಞ ನಮ್ಮ ಸೀಮೆಯವನೆಂಬ ಅಭಿಮಾನ ಅವರಿಗೆ ಬಹಳ. ಎಂಬತ್ತು ದಾಟಿದೆ, ಬಾಯಲ್ಲಿ ಹಲ್ಲಿಲ್ಲ. ಪ್ರತಿ ರಾತ್ರಿ ಹಿಂದಿನ ದಿನದ ಖಡಕ್ ರೊಟ್ಟಿಯನ್ನು ಬಟ್ಟಲಿನಲ್ಲಿ ನುರಿದು, ಮೇಲೆ ಬಿಸಿ ಸಾರು ಹೊಯ್ಸಿಕೊಂಡು, ನೆನೆದ ಮೇಲೆ ಉಣ್ಣುವುದು ಅವರ ಕ್ರಮ. ಸೂಪ್ ಎಂಬ ಶಬ್ದಕ್ಕೆ ಫ್ರೆಂಚ್ ಭಾಷೆಯಲ್ಲಿ ಮೊದಲಿದ್ದ ಅರ್ಥವೂ ಇದೇ! ರಸದಲ್ಲಿ ನೆನೆಯಿಸಿದ ಬ್ರೆಡ್ಡಿನ ತುಂಡಿಗೆ ಸೂಪ್ ಎನ್ನುತ್ತಿದ್ದರು. ರಸಕ್ಕೆ ಆ ಹೆಸರು ಆಮೇಲೆ ಬಂದುದು. ಆ ಲೆಕ್ಕದಲ್ಲಿ ಈ ಮುದುಕಿ ದಿನವೂ ಉಣ್ಣುತ್ತಿದ್ದುದು ಸೂಪೇ.

ನಾನು ರೊಟ್ಟಿಯ ಕುಡಿಕೆಯೊಂದನ್ನು ಅವರ ಮುಂದಿಟ್ಟೆ. ಅವರು ಚಮಚವನ್ನು ಬದಿಗಿಟ್ಟು, ಬೆರಳಿನಿಂದ ಚೀಸನ್ನು ಮುಟ್ಟಿ ನೋಡಿದರು.

“ಇದೇನ್ ತಮ್ಮಾ, ಸಾರಿಗೆ ಅರಿವಿ ಹೊಚ್ಚೀರಿ?”

“ಚೀಸ್ ಅಂತಾರ ಆಯೀ, ಹಾಲಿಂದ ಮಾಡಿದ್ದು,” ಎಂದಳು ಮೊಮ್ಮಗಳು.

“ಅರಿವಿ ತಗದ ಕೊಡು. ಅವಕ್ಕ ಥಂಡಿ ಇರತೈತಿ, ನಮಗ ಯಾಕ?”

ಚೀಸನ್ನು ಎತ್ತಿ ಬೇರೆ ಹಾಕಿ, ಇನ್ನೊಂದು ಸೌಟು ಸಾರು ಬಿಟ್ಟು ಕೊಟ್ಟೆವು. ಅವರು ನೆನೆದ ರೊಟ್ಟಿಯನ್ನು ಕಲಸಿ, ನಿಧಾನವಾಗಿ, ಕುಡಿಕೆ ಬರಿದಾಗುವವರೆಗೆ ಮಾತಾಡದೆ ಉಂಡರು. ಬಳಿಕ ಸೊಸೆಯ ಕಡೆಗೆ ತಿರುಗಿ, “ಹೋಳಿಗಿ ಮಾಡಿದ ದಿನ ಇದನ್ನ ಮಾಡವಾ. ಬಾಯಾಗ ತಾನ ಕರಗತೈತಿ. ಖಾರ ಹಾಕು,” ಎಂದರು. ಅಕ್ಕ ತಲೆಯಾಡಿಸಿದಳು. ಐವತ್ತು ನಿಮಿಷ ಒಲೆಯ ಮುಂದೆ ಕೂಡುವವರಾರೆಂದು ಅವಳು ಕೇಳಲಿಲ್ಲ, ಕೇಳಬಹುದಾಗಿತ್ತು.

ಭಾವನವರು ಎರಡನೆಯ ಸಲ ಹಾಕಿಸಿಕೊಂಡರು. ಆಮೇಲೆ ನನ್ನನ್ನು ಕೇಳಿದರು:

“ಇವತ್ತ ಎಷ್ಟ ಉಳ್ಳಾಗಡ್ಡಿ ಹೋತು?”

“ಒಂದೂವರಿ ಕಿಲೋರಿ.”

“ಆರು ಮಂದಿಗೆ.” ಅವರು ಪಡಸಾಲೆಯ ಕಡೆಗೆ ನೋಡಿ ಲೆಕ್ಕ ಹಾಕಿದರು. “ದಿನಾ ಎರಡ ಹೊತ್ತು ಉಂಡ್ರೂ ಯುಗಾದಿಗೂ ಮುಗಿಯೂದಿಲ್ಲ ಬಿಡು.” ಎಲ್ಲರೂ ನಕ್ಕರು. ಅವರೂ ನಕ್ಕರು. ನಗುತ್ತಲೇ ಎದ್ದು ಹೋಗಿ, ಬೀಸುವ ಗಾಳಿ ರಾಶಿಗೆ ತಾಕಲೆಂದು ಕಿಟಕಿಯ ಬಾಗಿಲುಗಳನ್ನು ತೆರೆದು ಬಂದರು.

ಮರುದಿನ ನಾನು ಹೊರಟಾಗ ಅಕ್ಕ ಅರ್ಧ ಚೀಲ ಉಳ್ಳಾಗಡ್ಡಿಯನ್ನು ಬಸ್ಸಿಗೆ ಹಾಕಿಸಿದಳು. ಕಂಡಕ್ಟರನು ಚೀಲವನ್ನು ಕಾಲಿನಿಂದ ತಟ್ಟಿ ನೋಡಿ, ಲಗೇಜಿನ ಟಿಕೀಟು ಹರಿದುಕೊಟ್ಟನು. ಹಣವನ್ನು ಎಣಿಸಿಕೊಳ್ಳುತ್ತ ಅವನು ದನಿ ತಗ್ಗಿಸಿ, “ನಿಮ್ಮ ಕಡಿಗೂ ದರ ಬಂದಿಲ್ಲೇನ್ರಿ? ನಮ್ಮ ಅಪ್ಪನೂ ಮನ್ಯಾಗ ಹರವ್ಯಾನ,” ಎಂದನು.